ಮೂರು ಗೇರಿನ ಅಳಿಯ

ಮರಿಯಯ್ಯನ ಮಾನ ಮದ್ದೂರಿನಲ್ಲಿ ಎಂದೂ ಹೋದದ್ದಿಲ್ಲ. ಬೆಲ್ಲದ ಮಂಡಿಯಲ್ಲಿ ತೂಕದವನೆಂದರೆ ಅವನೇ. ಒಂದು ಅಚ್ಚು ಬೆಲ್ಲವನ್ನು ಅಂಗೈಯಲ್ಲಿ ಎತ್ತಿ ಹಿಡಿದು ‘ಇಷ್ಟೇ’ ಎಂದನೆಂದರೆ, ತಕ್ಕಡಿ ಆಮೇಲೆ ಬಂದು ಹೌದೆನ್ನಬೇಕು. ಬೆಲ್ಲವೇನು ಮಹಾ, ಬೀದಿಯಲ್ಲಿ ಹೋಗುವ ಮನುಷ್ಯರನ್ನೂ ಕಣ್ಣಲ್ಲೇ ತೂಗಿ ಮಣ, ಸೇರು ಹೇಳಿಬಿಡುತ್ತಿದ್ದ. (ಯಾರೂ ಕೇಳದಿದ್ದರೂ ಹೇಳುತ್ತಿದ್ದ. ಆ ಕಾರಣಕ್ಕೆ ಕೆಲವು ಹೆಂಗಸರು ಮಂಡಿಯ ಬೀದಿಯನ್ನೇ ಬಿಟ್ಟಿದ್ದರು.) ಇಂಥ ಘನವಂತನ ಮಾನ ಹೋಗುತ್ತಿದ್ದುದೆಲ್ಲ ಮಳವಳ್ಳಿ ಕಡೆ, ಹೆಂಡತಿಯ ತವರೂರಿನ ದಿಬ್ಬದ ಮೇಲೆ.

ಮದುವೆಯಾದಾಗಿನಿಂದ ಇದೊಂದು ಕ್ರಮವೇ ಆಗಿಹೋಗಿತ್ತು. ಮದ್ದೂರಿನಿಂದ ಮರಿಯಯ್ಯ ಸೈಕಲ್ ತುಳಿಯುವುದು. ಹೆಂಡತಿ ಹೊಂಬಾಳಮ್ಮ ಹಿಂದಿನ ಕ್ಯಾರಿಯರ್ ಮೇಲೆ ಒಂದೇ ಕಡೆ ಕಾಲು ಇಳಿಬಿಟ್ಟುಕೊಂಡು ಮಹಾರಾಣಿಯವರ ಹಾಗೆ ಕೂರುವುದು. ದಿಬ್ಬದ ಬುಡದಲ್ಲಿ ಒಂದು ಬೇವಿನ ಮರ. ಅಲ್ಲಿಗೆ ಬರುತ್ತಲೂ ಮಹಾರಾಣಿಯವರು ಇಳಿಯುವುದು. ಇನ್ನು ನಾಲ್ಕು ಮಾರು ಹೋಗುವಷ್ಟರಲ್ಲಿ ಮಹಾಸ್ವಾಮಿಗಳೂ ಇಳಿದು, ಏದುಸಿರು ಬಿಡುತ್ತ ಸೈಕಲ್ ತಳ್ಳಿಕೊಂಡು ಮೇಲಕ್ಕೆ ಚಿತ್ತೈಸುವುದು. ದಿಬ್ಬದ ನೆತ್ತಿಯ ಮೇಲೆಯೇ ಮಾವನ ಮನೆ. ಜಗಲಿಯ ಮೇಲೆ ಊರಿನ ಅರ್ಧ ಜನ ಇದನ್ನು ನೋಡಲೆಂದೇ ಕೂತಿರುತ್ತಿದ್ದರು.

ಎರಡನೆಯ ಮಹಾಯುದ್ಧದ ಕಾಲ ಅದು. ಪೆಟ್ರೋಲಿಲ್ಲದೆ ಬಸ್ಸುಗಳೆಲ್ಲ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಬಾಮೈದ ಅಂಕಯ್ಯನ ನಾಲಗೆಗೆ ಅಷ್ಟು ಸಾಕಾಯಿತು.

“ಇದ್ಲು ಬಸ್ಸೂ ಇಲ್ಲೇ ನಿಂತ್ಕತದೆ, ನಮ್ ಬಾವನೂ ಇಲ್ಲೇ ನಿಂತ್ಕತಾರೆ. ಬಸ್ಸಿಗಾದ್ರೆ ಒಂದ್ ಪುಟ್ಟಿ ಇದ್ಲು ಸುರೀಬೋದು. ಬಾವಂಗೆ ಏನ್ಲಾ ಸುರಿಯಾದು?”

ಜಗಲಿಗೆ ಜಗಲಿಯೇ ನಕ್ಕಿತು. ಮರಿಯಯ್ಯ ಅವತ್ತು ಊಟಕ್ಕೆ ಕೂತವನು ಎರಡನೆಯ ಮುದ್ದೆ ಬೇಡವೆಂದ. ಅಳಿಯ ಎರಡನೆಯ ಮುದ್ದೆ ಬೇಡವೆಂದರೆ ಅದು ಸಣ್ಣ ವಿಷಯವಲ್ಲ. ಮುಂದಿನ ಗೌರಿಹಬ್ಬಕ್ಕೆ ಹೆಂಡತಿಯ ಕಾಲು ನೆಲಕ್ಕೆ ಸೋಕದಂತೆ ಈ ದಿಬ್ಬ ಹತ್ತಿಸದೇ ಇದ್ದರೆ ತಾನು ಮರಿಯಯ್ಯನೇ ಅಲ್ಲ ಎಂದು ಕೈತೊಳೆಯುವಾಗಲೇ ಶಪಥ ಮಾಡಿಬಿಟ್ಟ.

ಮದ್ದೂರಿನಲ್ಲಿ ಸೈಕಲ್ ಶಾಪಿನ ಅಫ್ಸರ್ ಪಾಷಾ ಮರಿಯಯ್ಯನ ಗೆಳೆಯ. ಬೆಂಗಳೂರು ದಂಡಿನ ಹರಾಜಿನಲ್ಲಿ ಅವನಿಗೆ ಹಿಂದಿನ ಗಾಲಿಯ ಒಂದು ವಿಚಿತ್ರವಾದ ಹಬ್ಬು, ಅಂದರೆ ಗಾಲಿಯ ನಡುವಿನ ಗುಂಬ, ಸಿಕ್ಕಿತ್ತು. ಬಿಳಿಯ ದೊರೆಯೊಬ್ಬ ತುಳಿದು ಬಿಟ್ಟದ್ದಂತೆ. ತೆಂಗಿನ ಚಿಪ್ಪಿನಷ್ಟು ದಪ್ಪ, ಒಳಗೆ ಗಡಿಯಾರದ ಹಾಗೆ ಹಲ್ಲುಗಳು, ಅಚ್ಚಿನ ತುದಿಯಿಂದ ಹೊರಬಂದ ಒಂದು ಪುಟ್ಟ ಸರಪಣಿ. ಹ್ಯಾಂಡಲ್ ಮೇಲಿನ ಕಡ್ಡಿ ಎಳೆದರೆ ಗೇರು ಬದಲಾಗುತ್ತಿತ್ತು. ಒಂದಲ್ಲ, ಮೂರು ಗೇರು!

“ಎತ್ತರಕ್ಕೆ ಒಂದು, ಸಮಕ್ಕೆ ಒಂದು, ಇಳಿಜಾರಿಗೆ ಒಂದು” ಎಂದ ಪಾಷಾ. “ಆದ್ರೆ ಮರಿಯಣ್ಣ, ನಿಮ್ ಸೈಕಲ್‌ಗೆ ಇದು ಕೂರಾಕಿಲ್ಲ. ಹಬ್ಬು ಅಗಲ, ಗಾಲಿ ಕೂರೋ ಫೋರ್ಕು ಕಿರಿದು.”

“ಅಗಲ ಮಾಡಪ್ಪ.”

“ಮುರಿದೋದ್ರೆ?”

“ನನ್ ಮಾನಕ್ಕಿಂತ ದೊಡ್ಡದಾ ಫೋರ್ಕು? ಎಳಿ!”

ಎಳೆದರು. ಆ ಕಡೆ ಪಾಷಾ, ಈ ಕಡೆ ಮರಿಯಯ್ಯ, ನಡುವೆ ಸೈಕಲ್. ಫೋರ್ಕು ಕಿರ್ರೆಂದಿತು, ಮರಿಯಯ್ಯನ ಪಂಚೆ ಪರ್ರೆಂದಿತು. ಗಾಲಿಯ ಹಳೆಯ ಕಡ್ಡಿಗಳು ಹೊಸ ಹಬ್ಬಿಗೆ ಉದ್ದವಾದವು. ಅವನ್ನೆಲ್ಲ ಬಿಚ್ಚಿ, ಗಿಡ್ಡ ಕಡ್ಡಿ ಹೊಂದಿಸಿ, ಗಾಲಿಯ ಸೊಟ್ಟ ತೆಗೆದು, ಅಂತೂ ಗಾಲಿ ತಿರುಗಿತು. ತಿರುಗುವಾಗ ಒಳಗಿನಿಂದ ಟಿಕ್ ಟಿಕ್ ಟಿಕ್ ಎಂದಿತು. ಆ ಸದ್ದಿಗೆ ಮರಿಯಯ್ಯನ ಎದೆ ಉಬ್ಬಿತು. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ತಾಲ್ಲೂಕಿನಲ್ಲಿ ಮೂರು ಗೇರು ಇರುವ ಸೈಕಲ್ ತನ್ನದೊಂದೇ ಎಂದು ಸಿಕ್ಕಸಿಕ್ಕವರಿಗೆಲ್ಲ ಸಾರಿದ.

ಹೊಂಬಾಳಮ್ಮ ಮಾತ್ರ ಅದನ್ನು ಸುತ್ತು ಹಾಕಿ ನೋಡಿ, “ಹಬ್ಬಕ್ಕೆ ಎಂಡ್ತಿಗೆ ಒಡವೆ ತರೋವ್ರ ಕಂಡಿದ್ದೆ. ಗಾಲಿಗೆ ಒಡವೆ ತಂದೋರ ಇವತ್ತೇ ಕಂಡಿದ್ದು” ಎಂದಳು.

“ಲೇ, ಇದೆಲ್ಲ ನಿನಗೋಸ್ಕರ ಕಣೇ! ಈ ಸಲ ನೀನು ದಿಬ್ಬದಲ್ಲಿ ಇಳಿಯೋ ಹಂಗಿಲ್ಲ.”

“ಅಂಗಾರೆ ಸರಿ ಬುಡಿ” ಎಂದಳು. ಆದರೆ ಒಳಗೊಳಗೇ ಖುಷಿಯಾಯಿತು. ಹಸಿರು ಸೀರೆ ತೆಗೆದು ಬಿಸಿಲಿಗೆ ಹಾಕಿದಳು.

ಗೌರಿಹಬ್ಬದ ದಿನ ಹೊರಟರು. ಹೊಂಬಾಳಮ್ಮನ ತೊಡೆಯ ಮೇಲೆ ಬಾಗಿನದ ಮೊರ. ದಾರಿಯುದ್ದಕ್ಕೂ ಮರಿಯಯ್ಯನ ಗೇರಿನ ಉಪನ್ಯಾಸ. ಎದುರಿಗೆ ಗಾಡಿ ಬಂದರೆ ಒಂದು ಗೇರು, ಕೆರೆ ಏರಿ ಬಂದರೆ ಒಂದು ಗೇರು, ಎಮ್ಮೆ ಅಡ್ಡ ಬಂದರೆ ಸುಮ್ಮನೆ ಒಂದು ಗೇರು. ದಿಬ್ಬದ ಬುಡ ಬಂತು. ಮರಿಯಯ್ಯ ಮನೆದೇವರನ್ನು ನೆನೆದು, ಪೆಡಲ್ ಒಂದು ಗಳಿಗೆ ತಡೆದು, ಕಡ್ಡಿ ಎಳೆದ. ಟಿಕ್!

ಆಹಾ, ಏನು ಹೇಳಲಿ! ಸೈಕಲ್ ಹೂವಿನಷ್ಟು ಹಗುರಾಯಿತು. ಮೂರೂವರೆ ಮಣದ ಹೆಂಡತಿ (ಕಣ್ಣಂದಾಜು, ಅವಳಿಗೆ ಹೇಳಬೇಡಿ) ಹಿಂದೆ ಇದ್ದಾಳೆಂದೇ ಅನ್ನಿಸುತ್ತಿರಲಿಲ್ಲ. ಕಾಲುಗಳು ಗಿರಗಿರನೆ ಸುತ್ತುತ್ತಿದ್ದವು, ಸೈಕಲ್ ಬಸವನಹುಳುವಿನ ನಡಿಗೆಯಲ್ಲಿ ಏರುತ್ತಿತ್ತು. ಆದರೆ ಏರುತ್ತಿತ್ತು! ನಿಲ್ಲಲಿಲ್ಲ!

“ನೋಡಿದ್ಯಾ ಹೊಂಬಾಳೂ?”

“ಊಂ, ನೋಡ್ದೆ” ಎಂದು ಹಿಂದಿನಿಂದ ದನಿ ಬಂತು.

“ಯಾಕೆ ನೀನು ಏದುಸಿರು ಬಿಡ್ತಿದ್ದೀಯ? ತುಳೀತಿರೋನು ನಾನು.”

“ಏನಿಲ್ಲ, ನೀವ್ ಮುಂದೆ ನೋಡ್ಕಂಡ್ ತುಳೀರಿ.”

“ದೊರೆಗಳು ಸುಮ್ಮನೆ ದೊರೆಗಳಾಗಲಿಲ್ಲ ಕಣೇ. ಎಂಥಾ ಕಲೆ! ಮಂಡಿಯ ತಕ್ಕಡೀಲಿ ಇಂಥದೊಂದು ಹಬ್ಬು ಇದ್ದಿದ್ರೆ ಬೆಲ್ಲಕ್ಕೆ ತೂಕವೇ ಇರ್ತಿರಲಿಲ್ಲ!”

ಮೇಲಿನ ಜಗಲಿಯ ಜನ ಎದ್ದು ನಿಂತರು. ಅಂಕಯ್ಯನೂ ನಿಂತ. ಮರಿಯಯ್ಯನ ಮೀಸೆ ತಾನಾಗಿ ಮೇಲೆ ಹೋಯಿತು. ದಿಬ್ಬದ ನೆತ್ತಿ ಮುಟ್ಟಿ, ಮಾವನ ಮನೆಯ ಬಾಗಿಲಲ್ಲಿ ಗಂಟೆ ಬಾರಿಸಿ, ಕಾಲೂರಿ ನಿಂತು, “ಏನಪ್ಪಾ ಅಂಕಯ್ಯ, ಈಗ ಏನ್ ಸುರೀತೀಯ?” ಎಂದ.

ಅಂಕಯ್ಯ ಹೊಟ್ಟೆ ಹಿಡಿದುಕೊಂಡು ನೆಲಕ್ಕೇ ಕೂತುಬಿಟ್ಟ. ಜಗಲಿ ಹೋ ಎಂದಿತು. ಮರಿಯಯ್ಯ ತಿರುಗಿ ನೋಡಿದ. ಕ್ಯಾರಿಯರ್ ಖಾಲಿ. ಸೈಕಲ್ಲಿನ ಹಿಂದೆ ಹೊಂಬಾಳಮ್ಮ ನಿಂತಿದ್ದಳು, ಸೊಂಟದ ಮೇಲೆ ಮೊರ, ಇನ್ನೊಂದು ಕೈ ಕ್ಯಾರಿಯರ್ ಮೇಲೆ. ಅವಳ ಹಣೆಯ ಕುಂಕುಮ ಬೆವರಿಗೆ ಮೂಗಿನ ತನಕ ಇಳಿದಿತ್ತು.

“ಯಾವಾಗ ಇಳಿದ್ಯೇ?” ಎಂದ ಮರಿಯಯ್ಯ.

“ಬೇವಿನ ಮರದ್ ತಾವು. ನಾನೆಲ್ಲಿ ಇಳಿದೆ? ಆ ಮರ ಕಂಡ್ರೆ ಕಾಲೇ ಇಳೀತವೆ, ಅಭ್ಯಾಸ.”

“ಹೇಳಬಾರದಾಗಿತ್ತಾ?”

“ಅಷ್ಟು ಸಂತೋಸವಾಗಿ ಮಾತಾಡ್ತಿದ್ರಿ. ನಡುವೆ ಎಂಗೆ ಏಳ್ಳಿ? ಅದ್ಕೆ ಒಂದ್ ಕೈ ಆಸರೆ ಕೊಟ್ಕಂಡ್ ಬಂದೆ.”

“ಬೆಲ್ಲದ್ ತೂಕ ಕೈಯಲ್ಲೇ ಏಳೋ ಬಾವಂಗೆ, ಎಂಡ್ತಿ ತೂಕ ಇಳಿದದ್ದು ಗೊತ್ತಾಗ್ನಿಲ್ವಲ್ರಪ್ಪೋ!” ಎಂದು ಅಂಕಯ್ಯ ನೆಲದಿಂದಲೇ ಕೂಗಿದ.

ಮರಿಯಯ್ಯನ ಮೈ ಉರಿದುಹೋಯಿತು. ದಿಬ್ಬವೇನೋ ಹೋಗಲಿ, ಈಗ ತೂಕದವನೆಂಬ ಹೆಸರಿಗೇ ಸಂಚಕಾರ! “ಲೋ ಅಂಕಯ್ಯ, ನೀನೇ ಬಾರೋ. ಕೂರು ಹಿಂದೆ. ಕಾಲು ಕಟ್ಟಿಹಾಕ್ಕೊಂಡು ಕೂರು!” ಎಂದು ಅವನನ್ನು ಬುಡಕ್ಕೆ ಎಳೆದುಕೊಂಡು ಹೋದ. ಅಂಕಯ್ಯನೆಂದರೆ ಹೊಂಬಾಳಮ್ಮನ ಒಂದೂವರೆಯಷ್ಟು. ಟಿಕ್ ಎಂದಿತು ಗೇರು. ಸೈಕಲ್ ತಿಣುಕಿತು, ನರಳಿತು, ಆದರೆ ಹತ್ತಿತು. ಅಂಕಯ್ಯನ ಸಮೇತ, ಯಾರ ಆಸರೆಯೂ ಇಲ್ಲದೆ ಹತ್ತಿತು!

ಜಗಲಿ ಕೇಕೆ ಹಾಕಿತು. ಅಂಕಯ್ಯ ಇಳಿದವನೇ ಬಾವನ ಕೈ ಹಿಡಿದು, “ತಪ್ಪಾಯ್ತು ಕಣ್ ಬಾವ. ಇದು ಸೈಕಲ್ಲಲ್ಲ, ಇಮಾನ” ಎಂದ. ಸರಿ, ಊರಿಗೆಲ್ಲ ವಿಮಾನ ಹತ್ತುವ ಆಸೆ ಹುಟ್ಟಿತು. ಪಟೇಲರು ಕೂತರು. ಪಕ್ಕದ ಮನೆಯ ಚೌಡಯ್ಯ ಕೂತ. ಬಡಗಿ ಪುಟ್ಟಮಾದಯ್ಯ ತನ್ನ ಉಳಿ, ಕೊಡಲಿ ಸಮೇತ ಕೂತ. ಮರಿಯಯ್ಯ ಪ್ರತಿಯೊಬ್ಬರ ತೂಕವನ್ನೂ ಗಟ್ಟಿಯಾಗಿ ಸಾರಿ, ಟಿಕ್ ಎನ್ನಿಸಿ, ಹತ್ತಿಸಿ ಇಳಿಸಿದ. ಇಷ್ಟು ಸಂತೋಷದ ದಿನ ಅವನ ಬಾಳಿನಲ್ಲಿ ಬಂದಿರಲಿಲ್ಲ.

ಕೊನೆಗೆ ಬಾಗಿಲ ಸಂದಿಯಿಂದ ಅತ್ತೆ ಚಿಕ್ಕಬೋರಮ್ಮನೂ ಹೊರಗೆ ಬಂದಳು. ಅಳಿಯನ ಮುಂದೆ ಮುಖ ತೋರಿಸಿ ನಿಂತವಳಲ್ಲ ಅವಳು. ಮಾತಾಡಿದರೂ ಗೋಡೆಗೆ ಹೇಳುವಂತೆ ಹೇಳುತ್ತಿದ್ದಳು. ಈಗಲೂ ಗೋಡೆಯನ್ನೇ ನೋಡುತ್ತ, “ಬೆನ್ನಿಂದೆ ತಾನೆ ಕೂರಾದು? ಮೊಕ ಕಾಣಾಕಿಲ್ವಲ್ಲ, ಏನ್ ತಪ್ಪು?” ಎಂದಳು. ತಲೆಯ ತುಂಬ ಸೆರಗು ಹೊದ್ದು ಕೂತಳು. ಹತ್ತಿದ ಮೇಲೆ, “ನನ್ನಳಿಯ ಕಣ್ರವ್ವಾ! ಈ ಸೀಮೇಲಿ ಇಂತಾ ಅಳಿಯನ್ನ ಯಾರ್ ತಂದವ್ರೆ ಏಳಿ!” ಎಂದು ಕೇರಿಗೆಲ್ಲ ಕೇಳುವಂತೆ ಕೂಗಿದಳು. ಮರಿಯಯ್ಯನ ಕಣ್ಣಲ್ಲಿ ನೀರಾಡಿತು.

ಒಳಗೆ ಬಂದು ನೋಡಿದರೆ ಹೊಂಬಾಳಮ್ಮ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಿದ್ದಳು.

“ಏನೇ, ನೋಡಿದ್ಯಾ ಊರೆಲ್ಲ...”

“ಊರ್ನೆಲ್ಲ ಹತ್ತುಸುದ್ರಿ. ನಮ್ಮವ್ವನ್ನೂ ಹತ್ತುಸುದ್ರಿ. ಆ ಬಡಗಿ ಕೊಡಲೀನೂ ಹತ್ತುಸುದ್ರಿ. ನಾನು ಮದ್ವೆಯಾದಾಗಿಂದ ಆ ದಿಬ್ಬ ನಡ್ಕಂಡೇ ಹತ್ತೀವ್ನಿ, ಇವತ್ತೂ ನಡ್ಕಂಡೇ ಹತ್ತೀವ್ನಿ. ನನಗೋಸ್ಕರ ಅಂದ್ರಲ್ಲ?” ಎಂದಳು.

ತನ್ನ ಶಪಥವನ್ನು ಊರಿಗೆಲ್ಲ ಹಂಚಿ, ಹೆಂಡತಿಯೊಬ್ಬಳನ್ನೇ ಬಿಟ್ಟಿದ್ದೆನಲ್ಲ ಎಂದು ಮರಿಯಯ್ಯನಿಗೆ ಆಗ ಹೊಳೆಯಿತು. “ಏಳು, ಈಗಲೇ ಹೋಗೋಣ” ಎಂದ.

ಬೇವಿನ ಮರದ ಹತ್ತಿರ ಹೊಂಬಾಳಮ್ಮ ಸೆರಗು ಬಿಗಿದು ಕೂತಳು. ಮರಿಯಯ್ಯ ಕಡ್ಡಿ ಎಳೆದ. ಟಿಕ್ ಎಂದಿತು. ಗೇರು ಸರಿಯಾಗಿಯೇ ಇತ್ತು. ಸರಿಯಿಲ್ಲದ್ದು ಮರಿಯಯ್ಯನ ಕಾಲು. ಊರನ್ನೆಲ್ಲ ಹೊತ್ತ ತೊಡೆಗಳು ಗಡಗಡ ನಡುಗಿ, ಅರ್ಧ ದಿಬ್ಬದಲ್ಲಿ ಖಡಾಖಂಡಿತವಾಗಿ ನಿಂತುಬಿಟ್ಟವು.

“ಹೊಂಬಾಳೂ, ಒಂದ್ ಸ್ವಲ್ಪ ಇಳೀತೀಯಾ?”

“ಊಹೂಂ. ನಾನ್ ಇಳಿಯಾಕಿಲ್ಲ.”

ಇಳಿದವನು ಮರಿಯಯ್ಯ. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಸೀಟು ಹಿಡಿದು ತಳ್ಳತೊಡಗಿದ. ಹೊಂಬಾಳಮ್ಮ ಎರಡು ಕಾಲನ್ನೂ ನೆಲಕ್ಕೆ ಸೋಕದ ಹಾಗೆ ಎತ್ತಿ ಹಿಡಿದು, ಮುಖ ಅರಳಿಸಿಕೊಂಡು, ಬದುಕಿನಲ್ಲಿ ಮೊದಲ ಸಲ ಕೂತೇ ತವರಿನ ದಿಬ್ಬ ಹತ್ತಿದಳು.

ಜಗಲಿಯಿಂದ ಅಂಕಯ್ಯ ಕೂಗಿದ: “ಇದ್ಯಾವ್ ಗೇರಕ್ಕಾ?”

ಹೊಂಬಾಳಮ್ಮ ಸೆರಗು ಸರಿಮಾಡಿಕೊಂಡು, ಕತ್ತು ನೆಟ್ಟಗೆ ಮಾಡಿ, ಹೆಮ್ಮೆಯಿಂದ ಹೇಳಿದಳು:

“ನಾಕನೇದು ಕಣ್ಲಾ! ಇದು ಪಾಷಾ ಸಾಯೇಬ್ರ ಅಂಗಡೀಲಿ ಸಿಕ್ಕಾಕಿಲ್ಲ.”