ಗವಿಸಿದ್ದಪ್ಪನವರ ಗುಡ್ಡಕ್ಕೆ ಹೊಸ ಡ್ರೈವರ್

ಗವಿಸಿದ್ದಪ್ಪ ಸಾವ್ಕಾರರ ಲ್ಯಾಪ್‌ಟಾಪಿನೊಳಗೆ ಗುಡ್ಡ ತಿರುಗಲಿಲ್ಲ. ಆಗಿದ್ದು ಇಷ್ಟೇ. ಆದರೆ ತಿರುಗದ ಆ ಗುಡ್ಡ ಶಂಭುಲಿಂಗನ ತಲೆಯನ್ನು ಮಾತ್ರ ಒಂದು ದಿನವಿಡೀ ಗಿರಗಿರನೆ ತಿರುಗಿಸಿತು.

ಸಾವ್ಕಾರರು ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸಿಕೊಂಡು ತಣ್ಣಗೆ ಇದ್ದವರು. ಊರಿಗೂರೇ ಅದಿರಿನ ಹಿಂದೆ ಓಡುವಾಗ ತಾವೊಬ್ಬರೇ ಕೂತರೆ ಚೆಂದ ಕಾಣುವುದಿಲ್ಲವೆಂದು ಸಂಡೂರಿನ ಕಡೆ ಒಂದು ಗುಡ್ಡವನ್ನು ಲೀಜಿಗೆ ಹಿಡಿದರು. ಗುಡ್ಡದ ಜೊತೆ ಹೊಸಪೇಟೆಯಲ್ಲೊಂದು ಮನೆ ಬಂತು, ಮನೆಯ ಪಕ್ಕದಲ್ಲಿ ಎ.ಸಿ. ಆಫೀಸು ಬಂತು, ಆಫೀಸಿಗೊಂದು ಲ್ಯಾಪ್‌ಟಾಪ್ ಬಂತು. ಅಂಗಡಿಯಲ್ಲಿ ಅವರು ಕೇಳಿದ್ದು ಒಂದೇ ಮಾತು. "ಎಲ್ಲಾದಕ್ಕಿಂತ ತುಟ್ಟಿ ಯಾವ್ದೈತಿ, ಅದನ್ನ ಕಟ್ಟಿ ಕೊಡಪಾ."

ಸರ್ವೇ ಮಾಡಿದ ಕಂಪನಿಯವರು ಇಡೀ ಗುಡ್ಡವನ್ನು ಆ ಲ್ಯಾಪ್‌ಟಾಪಿನೊಳಗೆ ತುಂಬಿ ಕೊಟ್ಟಿದ್ದರು. ಮೌಸ್ ಎಳೆದರೆ ಬುಗುರಿಯಂತೆ ತಿರುಗಬೇಕು, ಯಾವ ಮಗ್ಗುಲಿನಿಂದ ಬೇಕಾದರೂ ನೋಡಬಹುದು ಅಂದಿದ್ದರು. ಇಲ್ಲಿ ತೆರೆದರೆ, ಮಿಕ್ಸಿಯಲ್ಲಿ ಅರ್ಧ ತಿರುಗುವಾಗ ಕರೆಂಟು ಹೋದ ಕೆಂಪು ಚಟ್ನಿಯಂಥದ್ದೊಂದು ಮುದ್ದೆ ಪರದೆಯ ನಡುವೆ ಕೂತಿರುತ್ತಿತ್ತು. ಎಳೆದರೂ ಅಲ್ಲೇ, ದಬ್ಬಿದರೂ ಅಲ್ಲೇ.

ಶನಿವಾರ ಬೆಳಿಗ್ಗೆ ಸಾವ್ಕಾರರು ಶಂಭುಲಿಂಗನನ್ನು ಕರೆದರು. ಶಂಭುಲಿಂಗ ಗುಡ್ಡದ ಮೇಲಿನ ತಗಡಿನ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ದಿನಾ ಜೀಪಿನಲ್ಲಿ ಹೋಗಿ, ದಿನಾ ಕೆಂಪಗಾಗಿ ಬರುವವನು. ಅವನ ಅಂಗಿ ಹಿಂಡಿದರೆ ಬಚ್ಚಲಲ್ಲಿ ಅದಿರು ಸಿಗುತ್ತದೆಂದು ಹೆಂಡತಿ ತ್ರಿವೇಣಿ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು.

"ಲೇ ಶಂಭು, ಇವತ್ತ್ ಸಂಜಿಗೆ ಆ ಮೈಲಾರಲಿಂಗಪ್ಪ ಚಾ ಕುಡ್ಯಾಕ ಬರಾಕತ್ಯಾನ," ಅಂದರು ಸಾವ್ಕಾರರು. ಮೈಲಾರಲಿಂಗಪ್ಪ ಅಂದರೆ ಪಕ್ಕದ ಗುಡ್ಡದ ಮಾಲೀಕ. "ಹೋದ ವಾರ ಗ್ವಾಡಿ ಅಗಲದ ಟಿ.ವಿ. ತಂದು, ನನ್ನ ಕರಸಿ, ಎದುರಿಗೆ ಕುಂದ್ರಿಸಿ ತೋರ್ಸ್ಯಾನ. ನಾನು ಅವಂಗ ನನ್ನ ಗುಡ್ಡಾನ ತಿರುಗಿಸಿ ತೋರಸ್ಬೇಕು."

"ಪ್ರಯತ್ನ ಮಾಡ್ತೀನ್ರಿ."

"ಪ್ರಯತ್ನ ಬ್ಯಾಡ, ಗುಡ್ಡ ತಿರುಗ್ಲಿ. ತಿರುಗಿತಂದ್ರ ಸೋಮವಾರದಿಂದ ನೀ ಇಲ್ಲೇ ಎ.ಸಿ. ಆಫೀಸಿನ್ಯಾಗ ಕುಂದ್ರು. ತಿರುಗಲಿಲ್ಲಂದ್ರ ನೀನೂ ನಿನ್ನ ಗುಡ್ಡಾನೂ ಅಲ್ಲೇ ಇರ್ರಿ."

ಎ.ಸಿ. ಆಫೀಸಿನಿಂದ ಶಂಭುಲಿಂಗನ ಮನೆಗೆ ನಡೆದೇ ಹೋಗಬಹುದು. ಮಧ್ಯಾಹ್ನ ಬಿಸಿ ರೊಟ್ಟಿ ತಿನ್ನಬಹುದು. ಬಿಳಿ ಅಂಗಿ ತೊಡಬಹುದು. ಅವನು ಲ್ಯಾಪ್‌ಟಾಪನ್ನು ಕೈಗೂಸಿನಂತೆ ಎತ್ತಿಕೊಂಡು ಮನೆಗೆ ಓಡಿದ.

ರೋಗ ಏನೆಂದು ಅವನಿಗೆ ಗೊತ್ತಿತ್ತು. ಆ ಲ್ಯಾಪ್‌ಟಾಪಿನಲ್ಲಿ ಚಿತ್ರ ಮೂಡಿಸುವ ಚಿಪ್ಪು ಒಂದಲ್ಲ, ಎರಡು. ಬ್ಯಾಟರಿ ಉಳಿಸುವ ಬಡಕಲು ಚಿಪ್ಪೊಂದು, ಭಾರದ ಕೆಲಸಕ್ಕೆ ಪೈಲ್ವಾನ್ ಚಿಪ್ಪೊಂದು. ಎರಡೂ ಬೇರೆ ಬೇರೆ ಕಂಪನಿಯವು. ಎರಡನ್ನೂ ಒಟ್ಟಿಗೆ ದುಡಿಸಲು ಡ್ರೈವರ್ ಅನ್ನುವ ಒಂದು ಸಾಫ್ಟ್‌ವೇರು ಬೇಕು. ಇದ್ದ ಡ್ರೈವರ್ ಹಳತು. ಹೊಸದು ಹುಡುಕಬೇಕು.

ಇದನ್ನೇ ಕೆಳಗಿನ ಮನೆಯ ಮಾಲಕಿ ಜಂಬಕ್ಕನಿಗೆ ತಿಳಿಸಿ ಹೇಳಿದ. ಹೇಳದೆ ಮೆಟ್ಟಿಲು ಹತ್ತಲು ಆಕೆ ಬಿಡುತ್ತಿರಲಿಲ್ಲ. "ನಮ್ಮ ಡ್ಯಾಮಿಗೆ ಮ್ಯಾಲಿನ ಕಾಲುವಿ, ಕೆಳಗಿನ ಕಾಲುವಿ ಅಂತ ಎರಡದಾವಲ್ಲ, ಹಂಗರಿ ಜಂಬಕ್ಕ. ಯಾವಾಗ ಯಾವ್ದಕ್ಕ ನೀರು ಬಿಡ್ಬೇಕಂತ ಗೊತ್ತಿರೋ ಒಬ್ಬ ಮನಷ್ಯಾ ಗೇಟಿನ ಹತ್ರ ಇರ್ಬೇಕು. ಈಗಿರಾಂವ ನಿದ್ದಿ ಹೊಡ್ಯಾಕತ್ಯಾನ."

"ಅವನ್ನ ತಗದು ಬ್ಯಾರೇದಾಂವನ್ನ ಹಾಕು," ಅಂದಳು ಜಂಬಕ್ಕ. ಲ್ಯಾಪ್‌ಟಾಪ್ ಕಂಪನಿಯ ಎಂಜಿನಿಯರುಗಳಿಗೆ ಹೊಳೆಯದ್ದು ಆಕೆಗೆ ಅಂಗಳ ಗುಡಿಸುತ್ತಲೇ ಹೊಳೆದಿತ್ತು.

ಮೊದಲು ಮಾಡೆಲ್ ನಂಬರು ಬೇಕು. ಶಂಭುಲಿಂಗ ಲ್ಯಾಪ್‌ಟಾಪನ್ನು ಬೋರಲು ಹಾಕಿದ. ಆಯುಧಪೂಜೆಯ ದಿನ ಸಾವ್ಕಾರರ ಮನೆಯಲ್ಲಿ ಲಾರಿ, ಜೀಪು, ಜೆಸಿಬಿಗಳ ಸಾಲಿನಲ್ಲಿ ಇದನ್ನೂ ಇಟ್ಟು ಪೂಜೆ ಮಾಡಿದ್ದರು. ಮೇಲೆ ಹಚ್ಚಿದರೆ ಹೊಳಪು ಹಾಳಾದೀತೆಂದು ಸಾವ್ಕಾರ್ತಿಯವರು ಜಾಣತನದಿಂದ ಅಡಿಗೆ ಅರಿಶಿಣ ಬಳಿದು, ವಿಭೂತಿ ಎಳೆದು, ಕುಂಕುಮ ಇಟ್ಟಿದ್ದರು. ನಂಬರಿನ ಚೀಟಿ ಎಲ್ಲಿತ್ತೋ ಅಲ್ಲಿ ಈಗ ಸಾಕ್ಷಾತ್ ದೇವರೇ ಒಣಗಿ ಕೂತಿದ್ದ.

"ಕೊಬ್ಬರಿ ಎಣ್ಣಿ ಹಚ್ಚಿದ್ರ ಬರ್ತತಿ, ಕೊಡಿಲ್ಲಿ," ಎಂದು ಜಂಬಕ್ಕ ಸೆರಗಿನಿಂದ ತಿಕ್ಕಿದಳು. ಅರಿಶಿಣ ಬಂತು. ಕುಂಕುಮ ಬಂತು. ಅವುಗಳ ಹಿಂದೆಯೇ ನಂಬರೂ ಬಂತು, ಪೂರ್ತಿಯಾಗಿ, ಸೆರಗಿಗೆ.

"ಬಂತ್ ನೋಡು," ಅಂದಳು ಆಕೆ. ಬೋಳು ಚೀಟಿ ಕನ್ನಡಿಯಂತೆ ಮಿನುಗುತ್ತಿತ್ತು.

ತ್ರಿವೇಣಿ ಜಂಬಕ್ಕನ ಸೆರಗು ಹಿಡಿದು ಬಿಸಿಲಿಗೆ ಒಡ್ಡಿ ನೋಡಿದಳು. "ಇದು ಎಂಟೋ, ಕುಂಕುಮದ ಬೊಟ್ಟೋ?" ಎಂದು ಗಂಡನನ್ನೇ ಕೇಳಿದಳು. ಆತ ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡ್ ಹತ್ತಿರದ ರಾಮಾಂಜಿನಿಯ ಸೈಬರ್ ಸೆಂಟರಿಗೆ ಹೊರಟ. ತನ್ನ ಸೆರಗಿನಲ್ಲಿ ಸಾಕ್ಷಿ ಇದೆಯೆಂದು ಜಂಬಕ್ಕನೂ ಹಿಂದೆಯೇ ಹೊರಟಳು.

ರಾಮಾಂಜಿನಿ ಬ್ಯಾಟರಿ ಕಳಚಿದ. ಅದರ ಗೂಡಿನಲ್ಲಿ ಅದೇ ನಂಬರು ಇನ್ನೊಮ್ಮೆ ಅಚ್ಚಾಗಿತ್ತು. "ಪೂಜಾರಿ ಕೈಗೆ ಸಿಗಬಾರ್ದಂತ ಒಳಗೊಂದು ಇಟ್ಟಿರ್ತಾರ್ರಿ ಸಾರ್," ಅಂದ.

ಲ್ಯಾಪ್‌ಟಾಪ್ ಮಾಡಿದವರ ವೆಬ್‌ಸೈಟಿಗೆ ಹೋದರು. ಆ ಮಾಡೆಲನ್ನು ನಾವು ನಿಲ್ಲಿಸಿದ್ದೇವೆ, ಸ್ಪೀಕರಿನ ಡ್ರೈವರ್ ಬೇಕಾದರೆ ಇದೆ, ಗ್ರಾಫಿಕ್ಸಿಗೆ ಚಿಪ್ಪಿನವರನ್ನು ಕೇಳಿ ಅಂದಿತ್ತು. ಪೈಲ್ವಾನ್ ಚಿಪ್ಪಿನವರ ಬಳಿ ಹೋದರು. ಅಲ್ಲಿ ಥಳಥಳಿಸುವ ಹೊಸ ಡ್ರೈವರ್ ಇತ್ತು. ಆದರೆ ಫೈಲು ಎಂಥ ದಪ್ಪವೆಂದರೆ, ರಾಮಾಂಜಿನಿಯ ಇಂಟರ್ನೆಟ್ಟಿನ ಎದುರು ಅದು ಸೂಜಿ ತೂತಿನಲ್ಲಿ ಹಗ್ಗ ಪೋಣಿಸಿದಂತೆ.

ಜಂಬಕ್ಕ ಎದ್ದು ನಿಂತು ಸುತ್ತ ಕೂತವರನ್ನು ನೋಡಿದಳು. "ಯಪ್ಪಾ, ಎಲ್ಲಾರೂ ಒಂದೀಟು ನಿಲ್ಲಸ್ರಪಾ. ಈ ಹುಡುಗನ ಬಾಳೇವು ಐತಿ ಇದ್ರಾಗ. ಪ್ರೀತಿ ಪ್ರೇಮ ಏನಿದ್ರೂ ನಾಳೆ ಟೈಪ್ ಮಾಡ್ರಿ."

ಒಬ್ಬೊಬ್ಬರೇ ಕೈ ತೆಗೆದು ಇವರ ಬೆನ್ನಿಗೆ ಬಂದು ನಿಂತರು. ಕಾಲುವೆ ಆಫೀಸಿನಲ್ಲಿ ರಿಟೈರಾದ ಒಬ್ಬ ಹಿರಿಯರಂತೂ ಸ್ಟೂಲನ್ನೇ ಎಳೆದುಕೊಂಡು ಬಂದರು. ಫೈಲು ಇಳಿಯಿತು. ಶಂಭುಲಿಂಗ ಅದನ್ನು ತೆರೆದ. ಅದು ಲ್ಯಾಪ್‌ಟಾಪನ್ನು ಮೇಲೆ ಕೆಳಗೆ ಮೂಸಿ ನೋಡಿ, ಇದು ಎರಡು ಚಿಪ್ಪಿನ ಯಂತ್ರ, ಇದನ್ನು ನಾನು ಮುಟ್ಟುವುದಿಲ್ಲ, ಲ್ಯಾಪ್‌ಟಾಪ್ ಮಾಡಿದವರನ್ನೇ ಕೇಳಿ ಎಂದು ಬಾಗಿಲು ಹಾಕಿಕೊಂಡಿತು.

ಹಿರಿಯರಿಗೆ ಖುಷಿಯೋ ಖುಷಿ. "ನಮ್ಮ ಆಫೀಸಿನಂಗನ ಐತಿ. ಎಡದಂಡಿಯವ್ರು ಬಲದಂಡಿಗೆ ಕಳಸ್ತಿದ್ರು, ಬಲದಂಡಿಯವ್ರು ಎಡದಂಡಿಗೆ. ರೈತ ನಡು ನದ್ಯಾಗ. ಒಂದು ಅರ್ಜಿ ಬರ್ದು ಇಬ್ರಿಗೂ ಕಾಪಿ ಹಾಕು ತಮ್ಮಾ."

"ಸಂಜಿತನ ಉತ್ತರ ಬರ್ತತೇನ್ರಿ?"

"ನಾ ಇರೋತನ ನಮ್ಮ ಆಫೀಸಿಂದ ಯಾವ್ದಕ್ಕೂ ಬಂದಿಲ್ಲ."

ಮಧ್ಯಾಹ್ನ ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಜಂಬಕ್ಕ ಮನೆಗೆ ಹೇಳಿ ಕಳಿಸಿ ಮಂಡಕ್ಕಿಯ ಮಂಡಾಳ ಒಗ್ಗರಣೆ, ಜೊತೆಗೆ ಮಿರ್ಚಿ ಬಜ್ಜಿ ತರಿಸಿ ಎಲ್ಲರಿಗೂ ಹಂಚಿದಳು. ಒಂದು ಕೈಯಲ್ಲಿ ಮಿರ್ಚಿ ಹಿಡಿದು ಇನ್ನೊಂದು ಕೈಯಲ್ಲಿ ಹುಡುಕುತ್ತಿದ್ದ ಶಂಭುಲಿಂಗ ಕೊನೆಗೆ ಒಂದು ಚರ್ಚೆಯ ತಾಣಕ್ಕೆ ಬಂದು ಮುಟ್ಟಿದ. ಲೋಕದ ನಾನಾ ದೇಶಗಳಿಂದ ಇದೇ ಲ್ಯಾಪ್‌ಟಾಪ್ ಕೊಂಡು ಹಾಳಾದವರೆಲ್ಲ ಅಲ್ಲಿ ಕೂಡಿ ಅಳುತ್ತಿದ್ದರು. ಅವರ ನಡುವೆ ಯಾವನೋ ಪುಣ್ಯಾತ್ಮ ಎರಡೂ ಕಂಪನಿಯ ಡ್ರೈವರುಗಳನ್ನು ಬಿಚ್ಚಿ, ಒಂದಕ್ಕೊಂದು ಹೊಲಿದು, ತಾನೇ ಒಂದು ಹೊಸದು ಕಟ್ಟಿ ಬಿಟ್ಟಿಯಾಗಿ ಇಟ್ಟಿದ್ದ. ಕೆಳಗೆ ಒಂದು ಎಚ್ಚರಿಕೆ ಇತ್ತು. ಹಳೆಯದನ್ನು ಬೇರುಸಹಿತ ಕಿತ್ತ ಮೇಲೆಯೇ ಇದನ್ನು ಹಾಕತಕ್ಕದ್ದು.

"ಕೀಳಾದಾ, ಬ್ಯಾಡಾ?" ಎಂದು ಶಂಭುಲಿಂಗ ಹಿಂದೆ ತಿರುಗಿ ಕೇಳಿದ.

"ಕೀಳು," ಅಂದರು ಎಲ್ಲರೂ. ಇನ್ನೊಬ್ಬರ ಲ್ಯಾಪ್‌ಟಾಪಿನ ವಿಷಯದಲ್ಲಿ ಹೊಸಪೇಟೆಯ ಜನ ಭಾಳ ಧೈರ್ಯವಂತರು.

ಕಿತ್ತ. ಹೊಸದನ್ನು ಹಾಕಿದ. ಲ್ಯಾಪ್‌ಟಾಪ್ ಆರಿ ಮತ್ತೆ ಹತ್ತಿತು. ಪರದೆ ಕಪ್ಪಗಾಯಿತು. ಕಪ್ಪಗೇ ಉಳಿಯಿತು. ಒಳಗಿನ ಫ್ಯಾನು ಮಾತ್ರ ಗುಡ್ಡ ಹತ್ತುವ ಲಾರಿಯಂತೆ ಏದುಸಿರು ಬಿಡುತ್ತಿತ್ತು. ರಾಮಾಂಜಿನಿ ಹೆಣದ ಮುಂದೆ ನಿಂತವನಂತೆ ಮೆಲ್ಲಗೆ ತಲೆಯ ಟೋಪಿ ತೆಗೆದ. ಶಂಭುಲಿಂಗನ ಕಣ್ಣ ಮುಂದೆ ತಗಡಿನ ಆಫೀಸು, ಕೆಂಪು ಅಂಗಿ, ಆರಿದ ರೊಟ್ಟಿ ಎಲ್ಲ ಸಾಲಾಗಿ ಮೆರವಣಿಗೆ ಹೊರಟವು. ಜಂಬಕ್ಕ ಕಣ್ಣು ಮುಚ್ಚಿ, "ಉಚ್ಚೆಂಗೆವ್ವಾ, ಗೇಟಿನ ಹೊಸಾ ಮನಷ್ಯಾಗ ಬುದ್ಧಿ ಕೊಡವ್ವಾ," ಅಂದಳು.

ಪರದೆ ಬೆಳಗಿತು.

ಶಂಭುಲಿಂಗ ಗುಡ್ಡವನ್ನು ತೆರೆದ. ಮೌಸ್ ಎಳೆದ. ಗುಡ್ಡ ತಿರುಗಿತು. ಹಬ್ಬದ ದಿನ ಹೊಸ ಲಂಗ ತೊಟ್ಟ ಹುಡುಗಿ ತಿರುಗಿದಂತೆ ತಿರುಗಿತು. ಅದಿರು ತೋಡಿದ ಒಂದೊಂದು ಮೆಟ್ಟಿಲು, ಒಂದೊಂದು ದಾರಿ, ದಾರಿಯ ಪಕ್ಕದ ಜಾಲಿಗಿಡ ಕೂಡ ಕಂಡಿತು. ಸೈಬರ್ ಸೆಂಟರಿನಲ್ಲಿ ಶಿಳ್ಳೆ ಬಿತ್ತು. ಅರ್ಜಿಯ ಹಿರಿಯರು ಶಂಭುಲಿಂಗನ ಬೆನ್ನು ತಟ್ಟಿ, "ಅರ್ಜಿ ಇಲ್ದ ಕೆಲಸ ಆಗಿದ್ದು ನನ್ನ ಜನ್ಮದಾಗ ಇದ ಮೊದಲು," ಅಂದರು. ರಾಮಾಂಜಿನಿ ಚಾರ್ಜೇ ತೆಗೆದುಕೊಳ್ಳಲಿಲ್ಲ. ಹೋಗುವ ದಾರಿಯಲ್ಲಿ ಶಂಭುಲಿಂಗ ಒಂದು ಬಿಳಿ ಅಂಗಿ ಕೊಂಡು ಅಲ್ಲೇ ತೊಟ್ಟುಕೊಂಡ.

ಸಂಜೆ ಸಾವ್ಕಾರರ ಮನೆಯ ಪಡಸಾಲೆಯಲ್ಲಿ ಮೈಲಾರಲಿಂಗಪ್ಪನವರು ಸೋಫಾ ತುಂಬಿ ಕೂತಿದ್ದರು. ಶಂಭುಲಿಂಗ ಪ್ರೊಜೆಕ್ಟರಿಗೆ ವೈರು ಚುಚ್ಚಿದ. ಗೋಡೆಯ ತುಂಬ ಗುಡ್ಡ ಎದ್ದಿತು. ಅವನು ತಿರುಗಿಸಿದ. ಮೈಲಾರಲಿಂಗಪ್ಪನವರ ಬಾಯಿಗೆ ಹೊರಟಿದ್ದ ಬೋಂಡಾ ದಾರಿಯಲ್ಲೇ ನಿಂತಿತು. ಗವಿಸಿದ್ದಪ್ಪನವರು ಮೀಸೆಯ ಮೇಲೆ ಕೈಯಿಟ್ಟು, "ನಿನ್ನ ಟಿ.ವಿ.ಯಾಗ ಮಂದಿ ಕುಣೀತಾರ. ನಮ್ಮ ಮನ್ಯಾಗ ಗುಡ್ಡಾನ ಕುಣೀತತಿ ನೋಡಪಾ," ಅಂದರು. ಆಮೇಲೆ ಶಂಭುಲಿಂಗನ ಕಡೆ ನೋಡಿ ಕಣ್ಣಲ್ಲೇ ಎ.ಸಿ. ಆಫೀಸಿನ ಬಾಗಿಲು ತೆರೆದರು.

"ಮಸ್ತ್ ಐತಿ," ಅಂದರು ಮೈಲಾರಲಿಂಗಪ್ಪನವರು. "ತಮ್ಮಾ, ಆ ಹಸರು ಗೆರಿ ಏನದು?"

ಶಂಭುಲಿಂಗನ ಎದೆ ಇನ್ನಷ್ಟು ಉಬ್ಬಿತು. "ಅದು ನಮ್ಮ ಲೀಜಿನ ಗಡಿ ರೀ. ಹಳೇ ಡ್ರೈವರಿನ್ಯಾಗ ಅದು ಕಾಣ್ತನ ಇದ್ದಿಲ್ಲ. ಈಗ ನೋಡ್ರಿ, ಕೂದಲೆಳಿಯಷ್ಟೂ ತಪ್ಪದಂಗ ತೋರಸ್ತತಿ."

"ಹಂಗಾರ ಗಡಿ ಇಲ್ಲೈತಿ," ಎಂದು ಮೈಲಾರಲಿಂಗಪ್ಪನವರು ಎದ್ದು ಹೋಗಿ ಗೋಡೆ ಮುಟ್ಟಿದರು. "ನೀವು ಅದಿರು ತೋಡಿದ ತಗ್ಗು ಇಲ್ಲಿತನ ಬಂದೈತಿ. ನಡುವಿನದು ಯಾರ ಗುಡ್ಡ, ಗವಿಸಿದ್ದಪ್ಪ?"

ಸಾವ್ಕಾರರ ಕೈ ಮೀಸೆಯಿಂದ ಮೆಲ್ಲಗೆ ಇಳಿಯಿತು. ಶಂಭುಲಿಂಗ ಆ ಮಗ್ಗುಲನ್ನು ಹೇಗಾದರೂ ಮರೆ ಮಾಡಬೇಕೆಂದು ಮೌಸನ್ನು ಒಮ್ಮೆಲೇ ಎಳೆದ. ಗುಡ್ಡ ಗಿರ್ರನೆ ತಿರುಗಿ ಇನ್ನೊಂದು ಮಗ್ಗುಲಿಗೆ ನಿಂತಿತು. ಅಲ್ಲಿಯೂ ಅದೇ ಹಸಿರು ಗೆರೆ. ಗೆರೆಯನ್ನು ದಾಟಿ ಒಳಗೆ ನುಗ್ಗಿದ ಭಾರೀ ತಗ್ಗು. ಈ ತಗ್ಗು ಮಾತ್ರ ಆಚೆಯಿಂದ ಈಚೆಗೆ ಬಂದಿತ್ತು.

ಈಗ ಗವಿಸಿದ್ದಪ್ಪನವರು ಎದ್ದು ಹೋಗಿ ಗೋಡೆ ಮುಟ್ಟಿದರು. "ಮೈಲಾರಲಿಂಗಪ್ಪಾ, ಇದು ಯಾರ ಜೆಸಿಬಿ ತೋಡಿದ್ದಪಾ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವರು ಮೈಲಾರಲಿಂಗಪ್ಪನವರು.

"ಹೊಸಾ ಡ್ರೈವರು ಸರಿ ಇಲ್ಲ, ಗವಿಸಿದ್ದಪ್ಪ. ಗೆರಿ ಸೊಟ್ಟ ಬರಾಕತ್ತಾವ."

"ನನಗೂ ಹಂಗ ಅನಸ್ತು. ಹಳೇದ ಛಲೋ ಇತ್ತು. ಏನೂ ಕಾಣ್ತಿದ್ದಿಲ್ಲ, ಎಷ್ಟು ನೆಮ್ಮದಿ."

"ಹೂಂ ಮತ್ತ. ಬರೋ ವಾರ ಮೈನ್ಸ್ ಇಲಾಖಿ ಸಾಹೇಬ್ರು ಗಡಿ ನೋಡಾಕ ಗುಡ್ಡಕ್ಕ ಬರ್ತಾರಂತ. ಅವ್ರಿಗೇನು ತೋರಸ್ತಿ?"

ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಕೂತರು. ಅಷ್ಟು ದಿನದ ಜಿದ್ದು ಒಂದು ಚಹಾದೊಳಗೆ ಸಕ್ಕರೆಯಂತೆ ಕರಗಿತು. ಸಾವ್ಕಾರರು ಶಂಭುಲಿಂಗನನ್ನು ಹತ್ತಿರ ಕರೆದರು. ದನಿಯಲ್ಲಿ ಸಿಟ್ಟಿರಲಿಲ್ಲ, ತಂದೆಯ ಅಕ್ಕರೆ ಇತ್ತು.

"ಶಂಭು, ನೀ ಭಾಳ ಹುಷಾರ ಅದಿ. ಇಂಥಾ ಹುಷಾರ ಮನಷ್ಯಾ ಆಫೀಸಿನ್ಯಾಗ ಕುಂತು ಏನ್ ಮಾಡ್ತಿ? ಗುಡ್ಡದ ಮ್ಯಾಲೇ ಇರು, ಈ ಲ್ಯಾಪ್‌ಟಾಪ್ ಹಿಡಕೊಂಡು. ಆ ಹಳೇ ಡ್ರೈವರ್ ಹಾಕಿ, ಮೊದ್ಲಿನಂಗ ಕೆಡಿಸಿ ಕೊಟ್ಟ ಮ್ಯಾಲ ಇಳಿದು ಬಾ."

"ಅದನ್ನ ಬೇರು ಸಮೇತ ಕಿತ್ತೀನ್ರಿ. ಈಗ ಎಲ್ಲೂ ಸಿಗಾಂಗಿಲ್ರಿ."

"ಹೊಸಾದಕ್ಕೂ ಬರೇ ಪ್ರಯತ್ನ ಮಾಡ್ತೀನಿ ಅಂದಿದ್ದಿ. ಸಿಕ್ತೋ ಇಲ್ಲೋ? ನಿನ್ನ ಕೈಗುಣ ಹಂಗೈತಿ."

"ನಂದೂ ಇಂಥಾದ ಒಂದು ಲ್ಯಾಪ್‌ಟಾಪ್ ಐತಿ ತಮ್ಮಾ," ಅಂದರು ಮೈಲಾರಲಿಂಗಪ್ಪನವರು. "ಅದೂ ಮೊನ್ನಿಂದ ಸ್ವಲ್ಪ ಚೊಕ್ಕಟ ಕಾಣಾಕತ್ತೈತಿ. ಅದನ್ನೂ ಒಂದೀಟು ಕೆಡಿಸಿ ಕೊಡು."

ಶಂಭುಲಿಂಗ ಹೊರಗೆ ಬಂದು ಕಟ್ಟೆಯ ಮೇಲೆ ನಿಂತ. ಒಳಗೆ ಗೋಡೆಯ ಮೇಲೆ ಗುಡ್ಡ ಇನ್ನೂ ತಿರುಗುತ್ತಲೇ ಇತ್ತು, ಒಂದು ಕಲ್ಲೂ ಮಸುಕಾಗದಂತೆ. ಏನೇ ಆಗಲಿ, ಇಡೀ ಜಿಲ್ಲೆಯಲ್ಲಿ ಇಂಥ ಗುಡ್ಡ ಯಾರೂ ತಿರುಗಿಸಿಲ್ಲ ಎಂದು ಒಮ್ಮೆ ಹೆಮ್ಮೆಯಿಂದ ನೋಡಿ, ರಾಮಾಂಜಿನಿಗೆ ಫೋನು ಹಚ್ಚಿದ.

"ಸಾರ್, ತೋರ್ಸಿದ್ರೇನ್ರಿ? ಹೆಂಗಾತು?"

"ಭಾಳ ಛಲೋ ಆತು ರಾಮಾಂಜಿನಿ, ಆಗಬಾರ್ದಷ್ಟು ಛಲೋ ಆತು. ಅಂಗಡಿ ಮುಚ್ಚಬ್ಯಾಡ, ಬರಾಕತ್ತೀನಿ. ಏನೂ ಕಾಣ್ಸದಂಥದ್ದು ಒಂದು ಡ್ರೈವರ್ ಹುಡುಕ್ಬೇಕು."