ನೀರು ಜೋರಾಗಿ ಬಂತೋ, ನಿಧಾನಕ್ಕೆ ಬಂತೋ

ನಾನು ಮೊದಲ ಸಲ ಮನೆ ಬಿಟ್ಟು ಹೊರಟದ್ದು ನಾಗರ ಪಂಚಮಿಯ ದಿನ. ಊರೆಲ್ಲ ಜೋಕಾಲಿ ಆಡುತ್ತಿತ್ತು. ನಾನು ಪಾಟಿಚೀಲದಿಂದ ಏಳನೇ ಇಯತ್ತೆಯ ಪುಸ್ತಕ ತೆಗೆದಿಟ್ಟು, ಆ ಜಾಗದಲ್ಲಿ ಶೇಂಗಾ ಉಂಡಿ ತುಂಬಿಕೊಂಡು ಸೊಲ್ಲಾಪುರದ ಗಾಡಿ ಹತ್ತಿದೆ. ಈ ರೈಲು ಮುಂದೆ ಎಲ್ಲಿಗೆ ಹೋಗುತ್ತದೆ ಎಂಬ ಕುತೂಹಲ, ಅಷ್ಟೇ. ಶಾಲೆ ಅಲ್ಲಿಗೆ ಮುಗಿಯಿತು, ಕುತೂಹಲ ಇನ್ನೂ ಮುಗಿದಿಲ್ಲ. ಲಾರಿ ಕ್ಲೀನರ್, ಹೋಟೆಲ್ ಮಾಣಿ, ಪೆಂಡಾಲ್ ಕಟ್ಟುವವ ಎಂದು ಊರೂರು ಸುತ್ತಿದೆ. ನಾನು ಎಲ್ಲಿ ಚಾಪೆ ಹಾಸುತ್ತೇನೋ ಅಲ್ಲಿ ಏನಾದರೊಂದು ಆಗಿಯೇ ಆಗುತ್ತದೆ.

ಈ ಸಲ ಹಾಸಿದ್ದು ಮರಾಠಿ ಸೀಮೆಯ ಮಹಾನಗರದ ಸಯನ್‌ನಲ್ಲಿ, ಅಕ್ಕನ ಮನೆಯಲ್ಲಿ.

ಅಕ್ಕ ಖಡಕ್ ರೊಟ್ಟಿ ಮಾಡಿ ಅಲ್ಲಿರುವ ನಮ್ಮ ಕಡೆಯವರ ಮನೆಗಳಿಗೆ ಮಾರುತ್ತಾಳೆ. ಒಳಗಿನ ಕೋಣೆಯೇ ಅವಳ ಗೋದಾಮು. ಗೋಡೆಗುಂಟ ರೊಟ್ಟಿಯ ಅಡಕಲು, ಮೂಲೆಯಲ್ಲಿ ನನ್ನ ಚಾಪೆ. ಒಂದು ಮಧ್ಯಾಹ್ನ ಮೇಲಿನ ಮನೆಯಿಂದ ನೀರು ಧೋ ಎಂದು ಇಳಿಯಿತು. ಛತ್ತಿನ ಗಿಲಾವು ಕಳಚಿ ಬಿತ್ತು, ಕಪಾಟು ಉಬ್ಬಿತು, ರೊಟ್ಟಿಗಳು ಚಪಾತಿಗಿಂತ ಮೆತ್ತಗಾದವು. ಛತ್ತು ರಿಪೇರಿಯಾಗಿ ಕೋಣೆ ಒಣಗುವ ತನಕ ಅಕ್ಕನ ಧಂಧೆ ಬಂದ್.

"ಹೆದರಬ್ಯಾಡ," ಎಂದ ಅಕ್ಕನ ಗಂಡ, ಅಂದರೆ ನಮ್ಮ ಮಾಮಾ. "ಮನಿಗೆ ಇನ್ಶುರೆನ್ಸ್ ಐತಿ."

ನಮ್ಮ ನಿಜವಾದ ಕಷ್ಟ ಶುರುವಾದದ್ದು ಈ ಮಾತಿನಿಂದ.

ಮನೆಗೆ ಮಂದಿ ಬರುತ್ತಾರೆ

ಇನ್ಶುರೆನ್ಸ್ ಕಂಪನಿಯ ಸರ್ವೆಯರ್ ನಾಳೆ ಹಾನಿ ನೋಡಲು ಬರುತ್ತಾನೆ ಎಂದು ಫೋನ್ ಬಂದದ್ದೇ ತಡ, ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬಿದ್ದ ಗಿಲಾವು ಗುಡಿಸಿ ಎಸೆದಳು. ಗೋಡೆಗೆ ನನ್ನಿಂದ ಸುಣ್ಣ ಹೊಡೆಸಿದಳು. ಉಬ್ಬಿದ ಕಪಾಟಿನ ಮೇಲೆ ಕಸೂತಿ ಚಾದರ ಹೊದಿಸಿದಳು. ಛತ್ತಿನ ತೂತು ಮಾತ್ರ ಉಳಿಯಿತು. ಅದಕ್ಕೆ ಅಡ್ಡವಾಗಿ ಇಳಕಲ್ ಸೀರೆ ಕಟ್ಟಿಸಿದಳು. ಪೆಂಡಾಲಿನ ಕೆಲಸ ನನಗೆ ಗೊತ್ತಲ್ಲ.

"ಅಕ್ಕಾ, ಅಂವ ಬರೂದ ಹಾಳಾಗಿದ್ದು ನೋಡಾಕ," ಎಂದೆ.

"ಅಂತ ಹೇಳಿ ಮನಿ ಹಾಳುಬಡದಂಗ ಇಡಾಕ ಬರ್ತೈತೇನ? ಬಂದವ್ರು ಏನಂದಾರು!"

ಸರ್ವೆಯರ್ ಬಂದ, ಒಗ್ಗರಣೆ ಅವಲಕ್ಕಿ ತಿಂದ, ಸುತ್ತ ನೋಡಿದ. "ಡ್ಯಾಮೇಜ್ ಕಿಧರ್ ಹೈ?" ಎಂದ. ನಾನು ಸೀರೆಯ ಅಂಚು ಎತ್ತಿ ತೂತು ತೋರಿಸಿದೆ. ಟಾರ್ಚ್ ಬಿಟ್ಟು ನೋಡಿ, ನೀರು ಹೇಗೆ ಬಂತು ಎಂದು ಅಕ್ಕನನ್ನೇ ಕೇಳಿದ. ಹೊರಗಿನವನ ಮುಂದೆ ಮೇಲಿನ ಮನೆಯವರ ಮರ್ಯಾದೆ ಕಳೆಯುವುದು ಹೇಗೆ? ಅಕ್ಕ ನಾಚಿಕೊಂಡು, "ಥೋಡಾ ಥೋಡಾ ಆಯಾ ಭೈಯಾ, ಹನಿ ಹನಿ. ಊಪರ್‌ವಾಲೇ ಬಹುತ್ ಅಚ್ಛೇ ಲೋಗ್ ಹೈಂ," ಎಂದಳು. ನಾನು ಕೆಮ್ಮಿದೆ, ಮಾಮಾ ಕೆಮ್ಮಿದ. ಅವನು ಬರೆದುಕೊಂಡಾಗಿತ್ತು.

ಹೋಗುವಾಗ ಸೀರೆಯದೊಂದು ಫೋಟೋ ತೆಗೆದ. ಅಕ್ಕನಿಗೆ ಖುಷಿಯೋ ಖುಷಿ. "ಇದು ಕ್ಲೇಮಿಗಲ್ಲ," ಎಂದ ಅವನು, "ಹೆಂಡತಿಗೆ ತೋರಿಸೋಕೆ."

ಎಷ್ಟು ಜೋರು ಬಂದರೆ ಜೋರು?

ಕ್ಲೇಮು ನಾಮಂಜೂರು ಎಂದು ಕಂಪನಿಯ ಕಾಗದ ಬಂತು. ಪೈಪ್ ಒಡೆದು ಒಮ್ಮೆಲೇ ನುಗ್ಗಿದ ನೀರಿಗೆ ಇನ್ಶುರೆನ್ಸ್ ಉಂಟು, ದಿನಗಟ್ಟಲೆ ನಿಧಾನಕ್ಕೆ ಜಿನುಗಿದ ನೀರಿಗೆ ಇಲ್ಲ. ನಿಮ್ಮದು ನಿಧಾನದ ನೀರು, ನೀವೇ ಹೇಳಿದ್ದೀರಿ.

ನೀರಿನಲ್ಲೂ ಎರಡು ಜಾತಿ ಇರುವುದು ನನಗೆ ಗೊತ್ತಿರಲಿಲ್ಲ. ನೋಡೇ ಬಿಡೋಣ ಎಂದು ಮಾಮಾನ ಜೊತೆ ಫೋರ್ಟ್ ಏರಿಯಾದ ಕಂಪನಿ ಆಫೀಸಿಗೆ ಹೋದೆ. ಅಲ್ಲಿನ ಆಫೀಸರ್ ಹಿಂದಿಯಲ್ಲಿ ಸಮಾಧಾನದಿಂದಲೇ ಎಲ್ಲ ವಿವರಿಸಿದರು.

"ಸಾಹೇಬ್ರೆ, ಎಷ್ಟು ಜೋರು ಬಂದರೆ ಜೋರು ಅಂತೀರಿ?" ಎಂದೆ.

ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ ಅನಿಸುತ್ತದೆ. ಪೆನ್ನು ಕಚ್ಚಿ ಯೋಚಿಸಿದರು. "ಮನೆಯೊಳಗೆ ಛತ್ರಿ ಬೇಕಾಗುವಷ್ಟು."

"ನಾವು ಛತ್ರಿ ಹಿಡಿದೇ ರೊಟ್ಟಿ ಹೊರಗೆ ಸಾಗಿಸಿದ್ದು," ಎಂದ ಮಾಮಾ.

"ಅದಕ್ಕೆ ಸಾಕ್ಷಿ?"

ನಾನು ಬೇರೆ ಕಡೆ ನೋಡುತ್ತಿದ್ದೆ. ಅವರ ಮೇಜಿನ ಪಕ್ಕದ ಬಕೆಟ್ಟಿಗೆ ಮೇಲಿನಿಂದ ಟಪ್ ಟಪ್ ಎಂದು ನೀರು ಬೀಳುತ್ತಿತ್ತು. "ಸಾಹೇಬ್ರೆ, ಇದು ಯಾವ ನಮೂನೆದು? ಜೋರಿಂದೋ, ನಿಧಾನದ್ದೋ?"

ಅವರು ಬಕೆಟ್ಟನ್ನು ಕಾಲಿನಿಂದ ಮೆಲ್ಲಗೆ ಮೇಜಿನ ಕೆಳಗೆ ಸರಿಸಿದರು. "ಇದು ಏ.ಸಿ.ಯದು. ಬೇರೆ ಡಿಪಾರ್ಟ್‌ಮೆಂಟು."

ಡಬ್ಬಿ ಮಾತ್ರ ನಿಲ್ಲಲಿಲ್ಲ

ಪೈಪ್ ಒಡೆದದ್ದು ನಿಜ ಎಂದು ಮೇಲಿನ ಮನೆಯವರು ಒಂದು ಮಾತು ಹೇಳಿದರೆ ಸಾಕಿತ್ತು. ಅವರು ಉಡುಪಿ ಕಡೆಯವರು. ಗಂಡನದು ಜೋಗೇಶ್ವರಿಯಲ್ಲಿ ಸಣ್ಣ ಹೋಟೆಲ್, ಮನೆಯ ಯಜಮಾನಿಕೆ ಹೆಂಡತಿಯದು. ನಾನು ಮೇಲೆ ಹೋದೆ.

"ಒಡೆಯುದಾ? ನಮ್ಮಲ್ಲಿ ಎಂತದೂ ಒಡೆಯಲಿಲ್ಲ ಮಾರಾಯ್ರೆ," ಎಂದರು ಆ ಅಮ್ಮ.

"ಮತ್ತೆ ಸಿಂಕಿನ ಕೆಳಗೆ ಹೊಸ ಪೈಪು?"

"ಅದು ಸುಮ್ಮನೆ. ಚಂದಕ್ಕೆ."

ಸಿಂಕಿನ ಕೆಳಗೆ ಬಗ್ಗಿ ಚಂದ ನೋಡುವವರು ಯಾರು ಎಂದು ಕೇಳುವ ಆಸೆಯಾಯಿತು. ಅವರ ಹೆದರಿಕೆಯೂ ತಿಳಿಯಿತು, ಒಪ್ಪಿದರೆ ನಮ್ಮ ರಿಪೇರಿಯೆಲ್ಲ ಅವರ ತಲೆಗೆ ಬಂದೀತಲ್ಲ. ಕಂಪನಿಯವರು ಬಂದು ಕೇಳಿದಾಗಲೂ ಒಡೆದಿಲ್ಲ ಎಂದೇ ಬರೆದುಕೊಟ್ಟರು. ಅಂದಿನಿಂದ ಅಕ್ಕ ಅವರೊಡನೆ ಮಾತು ಬಿಟ್ಟಳು.

ಮಾತು ನಿಂತಿತು, ಡಬ್ಬಿ ನಿಲ್ಲಲಿಲ್ಲ. ಅವರ ಡಬ್ಬಿ ನಮ್ಮಲ್ಲಿ ಉಳಿದಿತ್ತು. ಅಕ್ಕ ಶೇಂಗಾ ಹೋಳಿಗೆ ತುಂಬಿ ನನ್ನ ಕೈಯಲ್ಲಿ ಮೇಲೆ ಕಳಿಸಿದಳು. ಅದು ಪತ್ರೊಡೆ ತುಂಬಿಕೊಂಡು ಕೆಳಗೆ ಬಂತು. ಮತ್ತೆ ಮಾದಲಿ ಹೊತ್ತು ಮೇಲೆ ಹೋಯಿತು. ಮಾಮಾ ರೇಗಿದ, "ಆಕಿ ನಮಗ ಉಲ್ಟಾ ಸಾಕ್ಷಿ ಕೊಟ್ಟಾಳ, ನೀ ಮಾದಲಿ ಕಳಸ್ತಿಯಲ್ಲ!"

"ಜಗಳ ಜಗಳದ ಕಡೆ," ಎಂದಳು ಅಕ್ಕ. "ಖಾಲಿ ಡಬ್ಬಿ ಕಳಸೂವಷ್ಟು ಸಿಟ್ಟು ಇನ್ನಾ ಬಂದಿಲ್ಲ ನನಗ."

ದೊಡ್ಡ ಸಾಹೇಬರ ಮುಂದೆ

ಕೊನೆಗೆ ಇಂಥ ತಕರಾರು ಕೇಳುವ ದೊಡ್ಡ ಸಾಹೇಬರ ತನಕ ಅರ್ಜಿ ಹೋಯಿತು. ಅಲ್ಲಿ ವಕೀಲರಿಲ್ಲ, ತಮ್ಮ ಮಾತು ತಾವೇ ಆಡಬೇಕು. ಒಂದು ಕಡೆ ನಾವು, ಇನ್ನೊಂದು ಕಡೆ ಬಕೆಟ್ಟಿನ ಆಫೀಸರ್. ಕಂಪನಿಯ ಸಾಕ್ಷಿಯಾಗಿ ಮೇಲಿನ ಮನೆಯ ಅಮ್ಮ, ಅವರ ಹಿಂದೆ ಅವರ ಗಂಡ. ಅಕ್ಕ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಇಲ್ಲಿ ಸೋತರೆ ರೊಟ್ಟಿಯ ಬಡಿಮಣಿ ಗಂಟು ಕಟ್ಟಿ ಅಟ್ಟಕ್ಕೆ ಹಾಕುವುದೇ ಎಂದು ಹೊರಡುವಾಗ ಹೇಳಿದ್ದಳು.

ಆಫೀಸರ್ ಎದ್ದು ಶುರು ಮಾಡಿದರು. "ಮೇಲಿನ ಮನೆಯಲ್ಲಿ ಪೈಪ್ ಒಡೆದಿಲ್ಲ. ಒಡೆದಿಲ್ಲ ಅಂದಮೇಲೆ ಈ ಅಮ್ಮನವರ ಅಡಿಗೆಮನೆಯಿಂದ ತಿಂಗಳಾನುಗಟ್ಟಲೆ ಹೊಲಸು ನೀರು ಜಿನುಗಿದೆ. ಇವರು ಗಮನ ಕೊಟ್ಟಿಲ್ಲ. ಸ್ವಚ್ಛ ಇಟ್ಟುಕೊಂಡಿದ್ದರೆ..."

"ಎಂತ?" ಎಂದರು ಆ ಅಮ್ಮ.

ಆಫೀಸರಿಗೆ ಕನ್ನಡ ಬಾರದು, ಮುಂದುವರಿಸಿದರು. "ಕೊಳೆತ ಪೈಪು, ಪಾಚಿ..."

"ಪಾಚಿಯಾ? ನನ್ನ ಅಡಿಗೆಮನೆಯಲ್ಲಿ ಪಾಚಿಯಾ?" ಅಮ್ಮ ಎದ್ದು ನಿಂತರು. "ದಿನಕ್ಕೆ ಎರಡು ಸಲ ಉಜ್ಜುದು ನಾನು! ಒಡೆದದ್ದು ಸ್ವಾಮಿ, ಒಂದೇ ಸಲ, ಢಮಾರ್ ಅಂತ!" ದೊಡ್ಡ ಸಾಹೇಬರು ಮರಾಠಿಯವರು ಎಂದು ಆಗ ನೆನಪಾಗಿ ಹಿಂದಿಗೆ ಇಳಿದರು. "ಟೂಟಾ ಸಾಬ್! ಏಕ್‌ದಮ್ ಟೂಟಾ! ಇವರ ಮಾತು ನಂಬಬೇಡಿ, ಇದನ್ನು ನೋಡಿ!"

ಗಂಡನನ್ನು ಮುಂದಕ್ಕೆ ಎಳೆದು, ಅವರ ಕೂದಲು ಮೇಲೆತ್ತಿ ಹಣೆ ತೋರಿಸಿದರು. "ಪೈಪ್ ಹಾರಿ ಬಂದು ಬಡಿದದ್ದು. ನಿಧಾನ ಜಿನುಗಿದ ಪೈಪು ಹೀಗೆ ಹೊಡೀತದಾ?"

ದೊಡ್ಡ ಸಾಹೇಬರು ಕನ್ನಡಕ ಏರಿಸಿ ಆ ಗಾಯದ ಗುರುತನ್ನು ಬಗ್ಗಿ ನೋಡಿದರು. ಆಮೇಲೆ ಆ ಗಂಡನನ್ನು ಮೆಲ್ಲಗೆ ಕೇಳಿದರು, "ಇದು ನಿಜವಾಗಿ ಪೈಪಿನದೇ ತಾನೆ?"

ಗಂಡ ಒಮ್ಮೆ ಹೆಂಡತಿಯನ್ನು ನೋಡಿದರು. "ಹೌದು ಸಾಹೇಬ್ರೆ. ಈ ಸಲ ಪೈಪಿನದೇ."

ಕ್ಲೇಮು ಮಂಜೂರಾಯಿತು. ಗೌಂಡಿ ಬಂದ, ಛತ್ತು ಕೂಡಿತು, ಕೋಣೆ ಒಣಗಿತು. ನಿಂತಿದ್ದ ಆರ್ಡರುಗಳೆಲ್ಲ ಒಟ್ಟಿಗೇ ಬಂದು, ರೊಟ್ಟಿಯ ಅಡಕಲು ಗೋಡೆಯಿಂದ ನನ್ನ ಮೂಲೆಯ ತನಕ ಬೆಳೆಯಿತು.

"ಇರೂದಾದ್ರ ಇರಪಾ, ನಾ ಏನ ಹೋಗ ಅನ್ನೂದಿಲ್ಲ," ಎಂದಳು ಅಕ್ಕ, ಹಿಟ್ಟಿನ ಕೈಯಲ್ಲೇ. "ಆದರ ಇನ್ನ ಮ್ಯಾಲ ನಿಂತ ಮಲಕೋಬೇಕು."

ನಾನು ಚಾಪೆ ಸುತ್ತಿ ಬಗಲಿಗಿಟ್ಟು, ಚೀಲಕ್ಕೆ ಅಂಗಿ ತುಂಬತೊಡಗಿದೆ.