ಬಚ್ಚಲುಮನೆಯ ಒಂದೂವರೆ ಅಡಿ

ನನ್ನದು ಹುಟ್ಟಾ ಅಂಜುಬುರುಕ ಸ್ವಭಾವ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮನೆಗೆ ಬೀಗ ಹಾಕಿ ಬೀದಿಯ ತುದಿಯವರೆಗೆ ಹೋದವಳು ಬೀಗ ಜಗ್ಗಿ ನೋಡಲು ವಾಪಸ್ಸು ಬರುತ್ತೇನೆ. ಬೀಗ ಸರಿಯಾಗಿದ್ದರೆ, ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಅದೇ ಬೀಗ ತೆಗೆದು ಒಳಗೆ ಹೋಗುತ್ತೇನೆ. ಇಂಥವಳು ಮೂವತ್ತು ದಾಟಿದ ಮೇಲೆ, ಇದ್ದ ಗುಮಾಸ್ತೆ ಕೆಲಸ ಬಿಟ್ಟು, ವಿಶ್ವವಿದ್ಯಾಲಯ ಸೇರಿ ಸರ್ವೆ ಓದುತ್ತೇನೆ, ಲೈಸೆನ್ಸ್ ಪಡೆದ ಸರ್ವೇಯರ್ ಆಗುತ್ತೇನೆ ಎಂದಾಗ ಚಾಮರಾಜಪೇಟೆಯ ನಮ್ಮ ಬೀದಿ ಮೂಗಿನ ಮೇಲೆ ಬೆರಳಿಟ್ಟಿತು. ನನ್ನ ಲೆಕ್ಕಾಚಾರವೇ ಬೇರೆಯಿತ್ತು. ನೋಡಿದ್ದನ್ನೇ ಮತ್ತೆ ಮತ್ತೆ ನೋಡುವುದು ಮನೆಯಲ್ಲಿ ರೋಗವಾದರೂ ಸರ್ವೇಯರಿಗೆ ಅದೇ ಅರ್ಹತೆಯಲ್ಲವೇ?

ಓದು ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ನನಗಿಂತ ಎಷ್ಟೋ ಚಿಕ್ಕ ಹುಡುಗರು "ಅಕ್ಕಾ, ಸ್ವಲ್ಪ ಕೋಲು ಹಿಡ್ಕೊಂಡು ನಿಂತ್ಕೊಳಿ" ಎಂದು ನನ್ನನ್ನು ಬಿಸಿಲಿಗೆ ಅಟ್ಟಿ ತಾವು ಮರದ ನೆರಳಿನಲ್ಲಿ ಯಂತ್ರದೊಳಗೆ ಇಣುಕುತ್ತಿದ್ದರು. ಗಾಂಧಿ ಬಜಾರಿನಲ್ಲಿ ಒಂದು ದಿನ ನಾವು ಮೂರು ಕಾಲಿನ ಸ್ಟ್ಯಾಂಡ್ ಊರಿದ್ದೇ ತಡ, ಹೂವಿನವರೆಲ್ಲ ಬುಟ್ಟಿಗಳನ್ನು ಹಿಂದಕ್ಕೆ ಎಳೆದುಕೊಂಡರು. "ರೋಡ್ ಅಗಲ ಮಾಡ್ತೀರೇನಮ್ಮಾ? ಮೊದ್ಲೇ ಹೇಳ್ಬಿಡಿ, ಹಬ್ಬದ ಟೈಮಲ್ಲಿ ಎಬ್ಬಿಸ್ಬೇಡಿ" ಎಂದು ಒಬ್ಬಾಕೆ ನನ್ನ ಕೈಗೆ ಒಂದು ಮೊಳ ಮಲ್ಲಿಗೆ ತುರುಕಿದರು. ಅಯ್ಯೋ, ನಾವು ಇನ್ನೂ ಕಲಿಯುವವರು ತಾಯಿ ಎಂದು ಹಿಂದಿರುಗಿಸಲು ಹೋದರೆ, ಸಾಲದೆ ಬಂತೇನೋ ಎಂದುಕೊಂಡು ಇನ್ನರ್ಧ ಮೊಳ ಸೇರಿಸಿದರು. ಲೈಸೆನ್ಸ್ ಬರುವುದಕ್ಕೆ ಮುಂಚೆಯೇ ಲಂಚ ತಿಂದಂತಾಯಿತಲ್ಲ ಎಂದು ನಾನು ಆ ವಾರವೆಲ್ಲ ಕೊರಗಿದೆ. ಹೂವನ್ನೇನೋ ಮುಡಿದುಕೊಂಡೆ.

ನಿಜವಾದ ಸಂಕಟ ಶುರುವಾದದ್ದು ನಮ್ಮ ಮೇಷ್ಟ್ರು ಕೊಟ್ಟ ಹೋಮ್‌ವರ್ಕಿನಿಂದ. "ನಿಮ್ಮ ನಿಮ್ಮ ಮನೆ ಸೈಟನ್ನೇ ಅಳೆದು ನಕ್ಷೆ ಮಾಡಿ ಸೋಮವಾರ ತನ್ನಿ. ಕಂಡಿದ್ದನ್ನ ಬರೀರಿ, ಬೇಕಾದ್ದನ್ನಲ್ಲ. ಒಂದು ಸುಳ್ಳು ಗೆರೆ ಎಳೆದ್ರೂ ನನ್ನ ಪೇಪರಲ್ಲಿ ಪಾಸಾಗಲ್ಲ" ಎಂದರು. ಅಳೆಯುವ ಮುಂಚೆ ಟೇಪು ನೆಟ್ಟಗಿದೆಯೇ ನೋಡಿಕೊಳ್ಳಿ ಎಂದೂ ಸೇರಿಸಿದರು. ಆ ಮಾತು ನನಗಲ್ಲ ಎಂದುಕೊಂಡೆ. ನಮ್ಮ ಮನೆಯಲ್ಲಿದ್ದುದು ಓವರ್‌ಸಿಯರ್ ಆಗಿದ್ದ ತಾತನ ಟೇಪು. ದುಂಡನೆಯ ಚರ್ಮದ ಡಬ್ಬಿ, ಒಳಗೆ ಸುತ್ತಿದ ಬಟ್ಟೆಯ ಪಟ್ಟಿ, ತುದಿಗೆ ಹಿತ್ತಾಳೆಯ ಉಂಗುರ. ಮೊದಲ ಕೆಲವು ಅಡಿಗಳ ಅಂಕಿ ಅಳಿಸಿಹೋಗಿದ್ದವು, ಅಷ್ಟೆ. ಗ್ಯಾಸನ್ನು ನಂಬದ ನಾನು ತಾತನನ್ನು ಕಣ್ಣು ಮುಚ್ಚಿ ನಂಬಿದೆ.

ನಮ್ಮ ಸೈಟು ಮೂವತ್ತು ಅಡಿ ಅಗಲ. ಪಕ್ಕದ ಶಾರದಾ ಆಂಟಿಯದೂ ಮೂವತ್ತೇ. ಇದು ಬೀದಿಗೆಲ್ಲ ಬಾಯಿಪಾಠ. ನಮ್ಮ ಒಂದು ಪಕ್ಕ ಅಡ್ಡರಸ್ತೆ, ಇನ್ನೊಂದು ಪಕ್ಕ ಆಂಟಿಯ ಮನೆ. ಆ ಕಡೆ ನಮ್ಮ ಬಚ್ಚಲುಮನೆಯ ಗೋಡೆಯೇ ಎರಡೂ ಮನೆಗಳ ಗಡಿ. ಅಮ್ಮ ಉಂಗುರ ಹಿಡಿದು ರಸ್ತೆಯ ಕಡೆ ನಿಂತರು. "ಬೇಗ ನೋಡೇ, ಸಾರು ಉಕ್ಕತ್ತೆ" ಎಂದರು. ನಾನು ಬಚ್ಚಲಿನ ಗೋಡೆಯ ಹತ್ತಿರ ಟೇಪು ಎಳೆದು ನೋಡಿದರೆ ಮೂವತ್ತೊಂದೂವರೆ! ಮತ್ತೆ ಎರಡು ಸಲ ಅಳೆದೆ, ಮೂವತ್ತೊಂದೂವರೆ. ನಾನು ಮಾಡಿದ ಲೆಕ್ಕ ಮೂರು ಸಲವೂ ಒಂದೇ ಉತ್ತರ ಕೊಟ್ಟದ್ದು ಜೀವಮಾನದಲ್ಲಿ ಅದೇ ಮೊದಲು. ಹೆಚ್ಚಿನ ಒಂದೂವರೆ ಅಡಿ ರಸ್ತೆಯಿಂದ ಬಂದಿರಲಾರದು, ಅಲ್ಲಿ ಹಳೆಯ ಕಲ್ಲಿನ ಚರಂಡಿ ಇದೆ. ಹಾಗಾದರೆ ಆಂಟಿಯ ಜಾಗದಿಂದಲೇ. ನಮ್ಮ ತಾಮ್ರದ ಹಂಡೆ ಪೂರ್ತಿಯಾಗಿ ಅವರ ನೆಲದ ಮೇಲೆ ಕೂತಿದೆ. ಸೈಟಿನ ಉದ್ದ ಅಳೆಯುವ ಧೈರ್ಯ ನನಗೆ ಬರಲಿಲ್ಲ, ಟೇಪು ಸುತ್ತಿಟ್ಟೆ.

"ಯಾರು ಹೇಳಿದ್ರು ನಿಂಗೆ ನಮ್ಮನೇನ ಅಳಿ ಅಂತ? ಊರಲ್ಲಿ ಬೇರೆ ಮನೆ ಇರ್ಲಿಲ್ವಾ?" ಎಂದು ಅಮ್ಮ ರೇಗಿದರು. ಆಮೇಲೆ ದನಿ ತಗ್ಗಿಸಿ, "ಮೂವತ್ತು ಅಂತ ಬರ್ದುಬಿಡು. ಯಾರು ಬಂದು ನೋಡ್ತಾರೆ?" ಎಂದರು. ಹಾಗೆ ಬರೆದರೆ ಸುಳ್ಳು ಗೆರೆ. ನಿಜ ಬರೆದರೆ ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ಎಳೆದು ತೋರಿಸುವವರು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಎರಡು ಹೊತ್ತೂ ನಮಗೆ ಊಟ ಕಳಿಸಿದ ಮನೆ ಆಂಟಿಯದು. ಅಂಥವರ ಜಾಗದಲ್ಲಿ ಕೂತು ನಾನು ಹುಟ್ಟಿದಾಗಿನಿಂದ ಎಣ್ಣೆನೀರು ಹಾಕಿಸಿಕೊಂಡಿದ್ದೇನೆ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಭಯವಾಯಿತು. ಗೋಡೆ ಒಡೆಯುವುದು, ಕೋರ್ಟು, ಆಂಟಿ ನಮ್ಮ ಮುಖ ನೋಡದೆ ತರಕಾರಿಗೆ ಹೋಗುವುದು, ಎಲ್ಲವೂ ಕಣ್ಣ ಮುಂದೆ ಬಂತು. ಮರುದಿನ ಸ್ನಾನಕ್ಕೆ ಹೋದವಳು ನಮ್ಮದೇ ಜಾಗದಲ್ಲಿ, ಬಾಗಿಲಿಗೆ ಅಂಟಿಕೊಂಡು ಕೂತೆ. ನೀರಿಗೆ ಮಾತ್ರ ಪ್ರತಿ ಸಲ ಆಂಟಿಯ ಸೈಟಿಗೆ ಕೈ ಚಾಚಬೇಕಾಗಿತ್ತು. ನನ್ನ ಅಳತೆ ತಪ್ಪಾಗಿರಲಪ್ಪಾ ಎಂದು ದೇವರಿಗೆ ಹರಕೆ ಹೊತ್ತ ಸರ್ವೆ ವಿದ್ಯಾರ್ಥಿನಿ ನಾನೊಬ್ಬಳೇ ಇರಬೇಕು.

ಭಾನುವಾರ ಇನ್ನು ತಡೆಯಲಾರದೆ ಆಂಟಿಯ ಮನೆಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಅವರೆಕಾಳು ಹಿಸುಕುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ಹೌದಾ ಪುಟ್ಟಾ? ಬಚ್ಚಲು ನಮ್ದಾ?" ಎಂದರು. ಕೋಪವಿರಲಿಲ್ಲ, ಆದರೆ ಕಣ್ಣಿನಲ್ಲಿ ಏನೋ ಹೊಸದು ಹೊಳೆಯಿತು. "ಸರಿ, ನಮ್ದನ್ನೂ ಒಂದ್ಸಲ ಅಳ್ದುಬಿಡು. ಎಷ್ಟು ಹೋಗಿದೆ ನಾನೂ ನೋಡ್ಬೇಕಲ್ಲ" ಎಂದು ಸೆರಗು ಸಿಕ್ಕಿಸಿಕೊಂಡು ಎದ್ದರು. ಉಂಗುರವನ್ನು ಅವರೇ ಹಿಡಿದರು. ಇಪ್ಪತ್ತೆಂಟೂವರೆ ಬರುತ್ತದೆಂದು ಎದೆ ಗಟ್ಟಿಮಾಡಿಕೊಂಡು ನೋಡಿದರೆ, ಅಲ್ಲೂ ಮೂವತ್ತೊಂದೂವರೆ.

"ನಮ್ಗೂ ಜಾಸ್ತಿ!" ಎಂದು ಆಂಟಿ ಹಿಗ್ಗಿದರು. ನನಗೆ ಮಾತ್ರ ತಲೆ ಗಿರ್ರೆಂದಿತು. ನಾವು ಅವರ ಜಾಗ ತಿಂದಿದ್ದರೆ ಅವರದು ಕಡಿಮೆಯಾಗಬೇಕಲ್ಲ? ಮೊದಲ ಬಾರಿಗೆ ಟೇಪನ್ನೇ ತಿರುಗಿಸಿ ನೋಡಿದೆ. ಉಂಗುರದ ಬುಡದಲ್ಲಿ ನೀಲಿ ದಾರದ ಅಚ್ಚುಕಟ್ಟಾದ ಹೊಲಿಗೆ. ಆ ಹೊಲಿಗೆ ನಮ್ಮ ದಿಂಬಿನ ಚೀಲಗಳ ಮೇಲೆಲ್ಲ ಇದೆ. "ಅಮ್ಮಾ!" ಎಂದು ಕೂಗಿದೆ. ಅಮ್ಮ ಹೊರಗೆ ಬಂದು ಟೇಪನ್ನು ನೋಡಿ, "ಓ ಅದಾ? ತುದಿಯೆಲ್ಲ ನೂಲು ಬಿಟ್ಟು ಅಸಹ್ಯವಾಗಿ ಕಾಣ್ತಿತ್ತು. ಒಂಚೂರು ಕತ್ತರಿಸಿ ಉಂಗುರ ಮತ್ತೆ ಹೊಲಿದೆ. ಯಾಕೆ, ಹೊಲಿಗೆ ಬಿಟ್ಕೊಂಡಿದ್ಯಾ?" ಎಂದರು. ಆ ಒಂಚೂರು ಒಂದೂವರೆ ಅಡಿಯಾಗಿತ್ತು. ಸೊನ್ನೆಯ ಬದಲು ಒಂದೂವರೆಯಿಂದಲೇ ಶುರುವಾಗುತ್ತಿದ್ದ ತಾತನ ಟೇಪು ಮೂವತ್ತು ಅಡಿಯ ಜಾಗವನ್ನೆಲ್ಲ ಮೂವತ್ತೊಂದೂವರೆ ಎಂದು ಓದುತ್ತಿತ್ತು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ನಕ್ಕೆ, ಸ್ವಲ್ಪ ಅತ್ತೆ. ಆಂಟಿ ಮುಖ ಸಣ್ಣದು ಮಾಡಿಕೊಂಡು, "ಹಾಗಾದ್ರೆ ನಮ್ಗೂ ಜಾಸ್ತಿ ಇಲ್ವಾ?" ಎಂದು ಅವರೆಕಾಳಿನ ಕಡೆ ನಡೆದರು.

ಅಂದೇ ನಗರ್ತಪೇಟೆಯಿಂದ ಹೊಸ ಸ್ಟೀಲ್ ಟೇಪು ತಂದೆ. ಮೊದಲು ಸ್ಕೇಲಿಟ್ಟು ಆ ಟೇಪನ್ನೇ ಅಳೆದೆ, ಆಮೇಲೆ ಸೈಟನ್ನು. ಅಗಲ ಇಪ್ಪತ್ತೊಂಬತ್ತು ಅಡಿ ಹನ್ನೊಂದು ಇಂಚು ಬಂತು. ಅಷ್ಟು ಹೆಚ್ಚುಕಡಿಮೆ ಹಳೆಯ ಗೋಡೆಗಳಲ್ಲಿ ಇದ್ದದ್ದೇ ಎಂದು ಕಂಡದ್ದನ್ನೇ ಬರೆದು ನಕ್ಷೆ ಮುಗಿಸಿದೆ. ಮೇಷ್ಟ್ರು ನೋಡಿ ತಲೆದೂಗಿದರು. ಪಾಸಾದೆ, ಬಚ್ಚಲುಮನೆಯೂ ಉಳಿಯಿತು, ಆಂಟಿಯ ಮನೆಯಿಂದ ಹಿಸುಕಿದ ಅವರೆಕಾಳಿನ ಹುಳಿಯೂ ಬಂತು. ಇಷ್ಟಾದ ಮೇಲೆ ಯಾರಾದರೂ ನೆಮ್ಮದಿಯಾಗಿರಬೇಕು. ಆದರೆ ನನ್ನ ತಲೆಯಲ್ಲಿ ಆ ಒಂದು ಇಂಚು ಕೂತುಬಿಟ್ಟಿದೆ. ರಸ್ತೆಯ ಕಡೆ ಕಲ್ಲಿನ ಚರಂಡಿ ಅಲ್ಲಾಡಿಲ್ಲ. ಹಾಗಾದರೆ ನಮ್ಮ ಇಂಚು ಹೋದದ್ದು ಎಲ್ಲಿಗೆ? ಹೋದ ವಾರ ಒಂದೂವರೆ ಅಡಿಯನ್ನು ಕೈಮುಗಿದು ಬಿಟ್ಟುಕೊಡಲು ತಯಾರಾಗಿದ್ದವಳು, ಇವತ್ತು ಬೆಳಿಗ್ಗೆ ಸ್ನಾನಕ್ಕೆ ಹೋದಾಗ ಬಾಗಿಲು ಹಾಕಿಕೊಂಡು, ಹಂಡೆಯ ಪಕ್ಕದ ಗೋಡೆಗೆ ಎರಡೂ ಅಂಗೈ ಕೊಟ್ಟು, ಆಂಟಿಯ ಕಡೆಗೆ ಒಂದು ಸಲ ಬಲವಾಗಿ ತಳ್ಳಿ ನೋಡಿದೆ.